ಅಪರಿಚಿತ ಮೂಲದಿಂದ

೧

ಬೀಗದವನ ಹೆಬ್ಬೆರಳು ಫೋನಿನ ಮೇಲೆ ತಡೆದು ನಿಂತಲ್ಲಿಂದ ಶುರು ಮಾಡಲೋ, ಹನ್ನೊಂದು ವರ್ಷದ ಹಿಂದೆ ಅವನ ತಂಗಿ ಚೀಲ ಹಿಡಿದು ಅಮ್ಮನ ಮನೆ ಬಾಗಿಲಲ್ಲಿ ನಿಂತಲ್ಲಿಂದಲೋ? ಎರಡನೆಯದು ಕಣ್ಣೀರಿನ ದಾರಿ. ಮೊದಲನೆಯದನ್ನು ಹಿಡಿದರೆ ಎಮ್ಯುಲೇಟರ್ ಅಂದರೇನು ಎಂದು ಪಾಠ ಹೇಳಬೇಕು. ಪಾಠವೇ ವಾಸಿ. ಹಳೆಯ ವಿಡಿಯೊ ಗೇಮ್ ಯಂತ್ರದ ವೇಷ ಹಾಕುವ ಆ್ಯಪ್ ಅದು. ಇದು ಫೋನಲ್ಲ, ಮೂವತ್ತು ವರ್ಷ ಹಿಂದಿನ ಪೆಟ್ಟಿಗೆ ಎಂದು ಆಟಕ್ಕೆ ಹೇಳುತ್ತದೆ. ಆಟ ಪಾಪ ನಂಬುತ್ತದೆ. (ಈ ಕಥೆಯಲ್ಲಿ ಹೇಳಿದ್ದನ್ನು ಹೇಳಿದ ಹಾಗೆ ನಂಬುವುದು ಆ ಆಟ ಒಂದೇ.)

೨

ಮಧ್ಯಾಹ್ನ. ಅಂಗಡಿಯಲ್ಲಿ ಬೀಗದವನು ಒಂದು ಕೀಲಿಯ ಹಲ್ಲನ್ನು ಅರದಿಂದ ಉಜ್ಜುತ್ತಿದ್ದಾಗ ತಂಗಿಯ ಮೆಸೇಜು ಬಂತು.

“ಅಣ್ಣ, ನಮ್ಮ ಹಳೇ ಕ್ಯಾಸೆಟ್ ಸಿಕ್ತು. ದ್ವೀಪದ ಆಟ. ಆಡಿದ್ದನ್ನ ನೆನಪಿಡೋ ಒಳಗಿನ ಬ್ಯಾಟರಿ ಸಾಯೋ ಹಾಗಿತ್ತು. ಸೇವ್ ಆಗಿದ್ದನ್ನೆಲ್ಲ ಆಫೀಸ್ ಕಂಪ್ಯೂಟರಿಗೆ ಇಳಿಸ್ಕೊಂಡು ಬ್ಯಾಟರಿ ಬದಲಿಸಿದೆ. ಕ್ಯಾಸೆಟ್ ಈಗ ಖಾಲಿ. ಆಫೀಸಲ್ಲಿ ಇಂಥದ್ದು ಇಟ್ಕೊಳ್ಳೋ ಹಾಗಿಲ್ಲ, ಅಲ್ಲಿಂದ ಅಳಿಸ್ತಿದೀನಿ. ಆ್ಯಪ್, ಆಟ, ಸೇವ್ ಫೈಲ್ ಮೂರೂ ಈ ಲಿಂಕಲ್ಲಿದೆ, ಇವತ್ತಿಗೆ ಮಾತ್ರ. ಮೂರನೇ ಸ್ಲಾಟ್ ನೋಡು.”

ಅವಳು ಪ್ರಯೋಗಾಲಯದ ಉಪಕರಣ ರಿಪೇರಿ ಮಾಡುವವಳು. ಬೆಸುಗೆ ಅವಳಿಗೆ ನೀರು ಕುಡಿದಷ್ಟು ಸಲೀಸು. ಹನ್ನೊಂದು ವರ್ಷದಲ್ಲಿ ಇಷ್ಟುದ್ದ ಬರೆದಿರಲಿಲ್ಲ. ಅವನಿಗೆ ಮೊದಲು ಹುಟ್ಟಿದ್ದು ಖುಷಿಯಲ್ಲ, ‘ಈಗ ಯಾಕೆ?’ ಎಂಬ ಪ್ರಶ್ನೆ.

ಅಮ್ಮ ಆಸ್ಪತ್ರೆ ಸೇರಿದಾಗ ಮನೆಯ ಬೀಗ ಬದಲಿಸಿದವನು ಇವನು. ತಂಗಿ ಬೀರು ಬರಿದು ಮಾಡಿಯಾಳೆಂಬ ಗುಮಾನಿ. ಅವಳು ಬಂದದ್ದು ಅಮ್ಮನಿಗೆ ಒಂದು ಜೊತೆ ಬಟ್ಟೆ ಒಯ್ಯಲು. ಅವಳ ಕೀಲಿ ತಿರುಗಲಿಲ್ಲ. ಅಮ್ಮ ಆಸ್ಪತ್ರೆಯಿಂದ ಮರಳಲಿಲ್ಲ. (ಬೇಡವೆಂದ ದಾರಿಗೇ ಬಂದು ಬಿದ್ದೆ. ಕ್ಷಮಿಸಿ.)

ಲಿಂಕು ಒತ್ತಿದ. ಫೋನು ಕೇಳಿತು: ‘ಅಪರಿಚಿತ ಮೂಲ. ಈ ಆ್ಯಪ್ ಹಾನಿ ಮಾಡಬಹುದು. ಅನುಮತಿಸುವಿರಾ?’

“ನೋಡು, ಫೋನಿಗೂ ಗೊತ್ತಾಗಿದೆ,” ಎಂದು ಹೆಂಡತಿಗೆ ತೋರಿಸಿದ. ಅವಳು ಊಟದ ಡಬ್ಬಿ ತಂದಿದ್ದಳು.

“ನನ್ನ ಫೋನಲ್ಲಿ ಇಂಥ ರಗಳೆನೇ ಇಲ್ಲ. ಕಂಪನಿಯವರು ಹೊರಗಿನವರನ್ನ ಬಾಗಿಲಲ್ಲೇ ತಡೀತಾರೆ.”

“ಅಂದ್ರೆ ನಿನ್ನ ಮನೆ ಕೀಲಿ ಅವರ ಸೊಂಟದಲ್ಲಿದೆ.”

“ನಿಮ್ಮದು?”

“ನಂದು ಯಾವನು ಬೇಕಾದ್ರೂ ನುಗ್ಗೋ ಛತ್ರ.”

“ಹಾಗಾದ್ರೆ ಮುಚ್ಚಿದ್ದೂ ಆಗಲ್ಲ, ತೆರೆದದ್ದೂ ಆಗಲ್ಲ. ತಂಗಿ ಕಣ್ರೀ, ಕನ್ನ ಹಾಕೋಳಲ್ಲ. ತಣ್ಣಗಾಗುತ್ತೆ, ಉಣ್ಣಿ.”

೩ (ಹೊಡೆದು ಹಾಕಿದ್ದು)

ಈ ಕರಡಿನಲ್ಲಿ ಫೈಲೊಳಗೆ ವೈರಸ್ ಇತ್ತು, ತಂಗಿ ಸೇಡು ತೀರಿಸಿಕೊಂಡಳು. ಓದುಗರು ತಕ್ಷಣ ನಂಬುತ್ತಿದ್ದರು. ಅದಕ್ಕೇ ನನಗೆ ಅನುಮಾನ ಬಂದು ಕೈಬಿಟ್ಟೆ.

೩ (ಸದ್ಯಕ್ಕೆ ಇರಲಿ)

ಅಂಗಡಿಯ ಹಳೆಯ ಫೋನೊಂದರಲ್ಲಿ, ಅದರಲ್ಲೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ‘ಅನುಮತಿಸಿ’ ಒತ್ತಿದ. ಮೊದಲು ಸೇವ್ ಫೈಲ್ ಹಾಕದೆ ಬರೀ ಆಟ ಓಡಿಸಿ ನೋಡಿದ. ಖಾಲಿ ದ್ವೀಪ, ಒಂದು ತೆಂಗಿನ ಮರ; ಮಿಕ್ಕದ್ದನ್ನು ಆಡುವವರೇ ಕಟ್ಟಬೇಕು. ಆಟವನ್ನು ಯಾವ ಕ್ಷಣದಲ್ಲಾದರೂ ಇದ್ದ ಹಾಗೇ ಹಿಡಿದಿಟ್ಟು, ಬೇಕೆಂದಾಗ ಅದೇ ಕ್ಷಣಕ್ಕೆ ಮರಳುವ ಅನುಕೂಲ ಆ್ಯಪಿನಲ್ಲಿತ್ತು. ಖಾಲಿ ದ್ವೀಪವನ್ನು ಹಾಗೆ ಹಿಡಿದಿಟ್ಟ. ಆಮೇಲೆ ತಂಗಿಯ ಫೈಲು ಹಾಕಿದ.

ಅವನದೊಂದು ಕಸುಬಿನ ಕ್ರಮವಿದೆ. ಅಚ್ಚು ತೆಗೆದು ಕೀಲಿ ಮಾಡಿಕೊಟ್ಟ ಮೇಲೆ ಗಿರಾಕಿಯ ಕಣ್ಣೆದುರೇ ಅಚ್ಚು ಮುರಿಯುವುದು, ಇನ್ನೊಬ್ಬರ ಕೈಗೆ ಸಿಗಬಾರದೆಂದು. ಅದೇ ಚಾಳಿಯಲ್ಲಿ, ಆ್ಯಪಿನೊಳಗೆ ಸೇರಿದ್ದನ್ನು ಬಿಟ್ಟು, ಇಳಿಸಿಕೊಂಡಿದ್ದ ಫೈಲುಗಳನ್ನೆಲ್ಲ ಅಳಿಸಿದ.

ಪರದೆಯಲ್ಲಿ ಮೂರು ಸ್ಲಾಟು, ಒಬ್ಬೊಬ್ಬರ ಆಟಕ್ಕೆ ಒಂದೊಂದು ಖಾನೆ. ಒಂದು ಅವನ ಹೆಸರು, ಎರಡು ತಂಗಿಯದು. ಮೂರನೆಯದರಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ, ಅಮ್ಮ. ಆಡಿದ ಸಮಯ: ೨೧೨ ಗಂಟೆ.

‘ಆ ಹಾಳು ಪೆಟ್ಟಿಗೆ ಮುಂದೆ ಕೂತು ಕಣ್ಣು ಕಳ್ಕೊಳ್ಳಿ’ ಎಂದು ದಿನಾ ಬೈಯುತ್ತಿದ್ದ ಅಮ್ಮ, ಮಕ್ಕಳು ಶಾಲೆಗೆ ಹೋದ ಮೇಲೆ ಇನ್ನೂರ ಹನ್ನೆರಡು ಗಂಟೆ ಕೂತಿದ್ದಾಳೆ.

ತೆರೆಯುವ ಮೊದಲು ಅವನಿಗೆ ಅನ್ನಿಸಿದ್ದು ಇಷ್ಟು: ಈ ಆ್ಯಪನ್ನು ಏನು ನಂಬುವುದು, ಎಲ್ಲವನ್ನೂ ಇದ್ದ ಹಾಗೆ ಇನ್ನೊಮ್ಮೆ ಹಿಡಿದಿಡೋಣ. ಗುಂಡಿಗಳು ಎರಡು, ಒಂದರಲ್ಲಿ ಬಾಣ ಕೆಳಕ್ಕೆ, ಇನ್ನೊಂದರಲ್ಲಿ ಮೇಲಕ್ಕೆ. ಹಿಡಿದಿಡುವುದರ ಬದಲು ಮರಳುವುದನ್ನು ಒತ್ತಿದ.

ತೆಂಗಿನ ಮರ. ಮರಳುವಾಗ ಎಲ್ಲವೂ ಮರಳುತ್ತದೆ, ಸ್ಲಾಟುಗಳೂ. ಅವು ಖಾಲಿಯಿದ್ದ ಕ್ಷಣಕ್ಕೆ ಅವನು ಹೋಗಿದ್ದ, ಮತ್ತು ಆ್ಯಪು ತಾನೇ ಮುತುವರ್ಜಿ ವಹಿಸಿ ತಂಗಿಯ ಫೈಲಿನ ಮೇಲೆ ಆ ಖಾಲಿಯನ್ನೇ ಬರೆದಿತ್ತು.

ಸಂಜೆಯವರೆಗೆ ಒಂದೊಂದೇ ಗುಂಡಿ ಒತ್ತಿ ತಡಕಾಡಿದ. ಲಿಂಕಿನ ನೆನಪಾದದ್ದು ಮಾರನೆಯ ಬೆಳಗ್ಗೆ. ಅದು ಸತ್ತಿತ್ತು. ಅದರ ಕೆಳಗೆ ತಂಗಿಯ ಹೊಸ ಮೆಸೇಜು: “ನೋಡಿದ್ಯಾ?”

೫

(ನಾಲ್ಕರಲ್ಲಿ ಅಮ್ಮನ ದ್ವೀಪದ ವರ್ಣನೆ ಇರಬೇಕಿತ್ತು. ಅವನು ತೆರೆಯಲಿಲ್ಲವಲ್ಲ, ನನಗೂ ಗೊತ್ತಿಲ್ಲ.)

“ಸಾರ್,” ಎಂದ ಬೀಗದವನು, ನನ್ನ ಕಡೆ ತಿರುಗಿ. “ನೀವು ಮೂರನ್ನ ಎರಡು ಸಲ ಬರೆದ್ರಿ. ಇನ್ನೊಂದ್ಸಲ ಬರೆದ್ರೆ ಗಂಟೇನು ಹೋಗುತ್ತೆ?”

“ಬರೆದರೆ ಓದುಗರು ನಂಬುವುದಿಲ್ಲ.”

“ಬೀಗದ ಕೆಲಸದವನಿಗೆ ಅನುಮಾನ ಜಾಸ್ತಿ ಅಂತ ಬರೆದಾಗ ನಂಬಿದ್ರಲ್ಲ. ಅಷ್ಟು ಅಗ್ಗದ್ದನ್ನ ನಂಬೋರು ಇದನ್ನೂ ನಂಬ್ತಾರೆ ಬಿಡಿ.”

ಆ ಮಾತು ನನಗೆ ಒಂದನೇ ಪ್ಯಾರಾದಿಂದಲೂ ಚುಚ್ಚುತ್ತಿತ್ತು.

“ಹೋಗ್ಲಿ, ಒಂದು ಹೇಳಿ. ಅವಳು ಮನೇಲಿ ಇನ್ನೊಂದು ಕಾಪಿ ಇಟ್ಕೊಂಡಿದಾಳಾ?”

“ಗೊತ್ತಿಲ್ಲ.”

“ಗೊತ್ತಿಲ್ದೆ ಬರೆಯೋಕೆ ಕೂತ್ರಾ?”

೬

ಮುಗಿಸಲು ಮೂರು ದಾರಿ ಹಾಕಿಕೊಟ್ಟೆ. ಒಂದು: “ನೋಡಿದೆ, ಚೆನ್ನಾಗಿದೆ” ಎಂದು ಬರೆಯುವುದು. “ಅದರಲ್ಲಿ ಏನು ಇಷ್ಟ ಆಯ್ತು ಅಂತಾಳೆ,” ಎಂದ. ಎರಡು: ಆ್ಯಪೇ ಕೆಟ್ಟದ್ದು ಎನ್ನುವುದು. “ಕಳಿಸಿದೋಳು ಅವಳು. ಮತ್ತೆ ಅವಳ ಮೇಲೇ ಹಾಕ್ಲಾ?” ಮೂರು: ನಿಜ. ಅವನು ಅರ ಎತ್ತಿಕೊಂಡು ಆಗಲೇ ಮುಗಿದಿದ್ದ ಕೀಲಿಯೊಂದನ್ನು ಸ್ವಲ್ಪ ಹೊತ್ತು ಉಜ್ಜಿದ.

ಅವಳ ಬಳಿ ಕಾಪಿ ಇದ್ದರೆ, ಅಣ್ಣನ ಕೈಗೆ ಕೊಟ್ಟದ್ದು ಉಳಿಯುವುದಿಲ್ಲ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಇಲ್ಲದಿದ್ದರೆ, ಅಷ್ಟೆಲ್ಲ ಆದ ಮೇಲೂ, ಇದ್ದ ಒಂದೇ ಒಂದನ್ನು ನಂಬಿ ಕೊಟ್ಟಿದ್ದಾಳೆ. ತನ್ನನ್ನು ಯಾರಾದರೂ ನಂಬದೇ ಇದ್ದಿರಲಿ ಎಂದು ಬೀಗದವನು ಬೇಡಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು.

“ಇನ್ನೊಂದು ಕಾಪಿ ಇಟ್ಕೊಂಡಿದೀಯಾ?” ಎಂದು ಬರೆದ, ಕಳಿಸಿದ.

ಉತ್ತರ ಬೇಗ ಬಂತು.

“ಯಾಕೆ?”

ಕಾಪಿ ಇದ್ದವಳೂ ಹೀಗೇ ಕೇಳುತ್ತಾಳೆ, ಇಲ್ಲದವಳೂ ಹೀಗೇ ಕೇಳುತ್ತಾಳೆ. ಅವನು ಆ ಎರಡಕ್ಷರದ ಪದವನ್ನು ಮತ್ತೆ ಮತ್ತೆ ಓದಿದ. ಅಂಗಡಿಗೆ ಬಂದ ಗಿರಾಕಿ ಎರಡು ಸಲ ಕೆಮ್ಮಿ ಹೋದ.

“ಸಾರ್, ಏನಂತ ಬರೀಲಿ?” ಎಂದು ಕೇಳಿದ.

ಕೇಳಿಸಲಿಲ್ಲ ಎಂಬಂತೆ ಕೂತಿದ್ದೇನೆ.