ಗಾರ್ಡಿಯ ಮೈಕಿನ ಕೆಳಗೆ

ಗಾರ್ಡಿ ಶ್ಮಿಟ್ಕೆಗೆ ರೆಕಾರ್ಡಿಂಗ್ ಕಲಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬೇರೆ ಯಾರೂ ಹೇಳುವುದಿಲ್ಲ. ಮೈಕಿಗೆ ಉಣ್ಣೆಯ ಕಾಲುಚೀಲ ಹಾಕು, ಸರಸರ ಎನ್ನುವ ಜಾಕೆಟ್ ತೊಟ್ಟು ಬರಬೇಡ, ಶೋ ಮುಗಿಯುವವರೆಗೆ ಚಪ್ಪಾಳೆ ತಟ್ಟಬೇಡ, ಜೊತೆಗೆ ಹಾಡಬೇಡ, ಕೆಮ್ಮು ಬಂದರೆ ನುಂಗಿಕೋ. ಮೂವತ್ತಮೂರು ವರ್ಷಗಳ ಹಿಂದೆ ಇಷ್ಟನ್ನೂ ಹೇಳಿಕೊಟ್ಟೆ. ಕಲಿತ, ಕಲಿತು ನನ್ನ ತಲೆಯ ಮೇಲೇ ಕೂತ.

ಸ್ಲೋ ಫೆರಿ ನಮ್ಮ ಮಿಲ್ವಾಕಿಯ ಬ್ಯಾಂಡು. ನಲವತ್ತೊಂದು ವರ್ಷಗಳಿಂದ ಹಾಡುತ್ತಿದೆ. ಅವರು ತಮ್ಮ ಪ್ರತಿಯೊಂದು ಶೋವನ್ನೂ ಎಣಿಸುತ್ತಾರೆ. ದೊಡ್ಡ ಡ್ರಮ್ಮಿನ ಮೇಲೆ ಅವತ್ತಿನ ಸಂಖ್ಯೆ ಸೀಮೆಸುಣ್ಣದಲ್ಲಿ ಬರೆದಿರುತ್ತದೆ. ಐನೂರನೆಯದು, ಸಾವಿರದ್ದು ಇಂಥ ದೊಡ್ಡ ಶೋ ಬಂದಾಗ ಅದರ ರೆಕಾರ್ಡು ಹೊರತರುತ್ತಾರೆ. ಜನ ನಿಂತ ಜಾಗದಲ್ಲಿ ಹೇಗೆ ಕೇಳಿಸಿತೋ ಹಾಗೇ ಇರಬೇಕು ಎಂದು ತಮ್ಮ ಯಂತ್ರದಲ್ಲಿ ಹಿಡಿದದ್ದನ್ನು ಬಳಸುವುದಿಲ್ಲ. ಕೋಲಿಗೆ ಮೈಕು ಕಟ್ಟಿಕೊಂಡು ಬರುವ ನಮ್ಮಂಥ ಅಭಿಮಾನಿಗಳು ಹಿಡಿದದ್ದರಲ್ಲೇ ಒಂದನ್ನು ಆರಿಸುತ್ತಾರೆ. ಹಿಡಿದವರ ಹೆಸರು ರೆಕಾರ್ಡಿನ ಹೊದಿಕೆಯ ಮೇಲೆ ಅಚ್ಚಾಗುತ್ತದೆ. ಐನೂರು, ಸಾವಿರ, ಸಾವಿರದೈನೂರು, ಮೂರಕ್ಕೂ ಗಾರ್ಡಿ. ಆರುನೂರ ಹನ್ನೆರಡು ಶೋ ಹಿಡಿದ ಲೊರೇನ್ ವೊಯ್ಚಿಕ್ ಎಂಬ ನನ್ನ ಹೆಸರು ಒಂದು ಬೆಂಕಿಪೊಟ್ಟಣದ ಮೇಲೂ ಇಲ್ಲ.

ಈ ಏಪ್ರಿಲ್‌ನಲ್ಲಿ ಎರಡು ಸಾವಿರದ್ದು ಬಂತು. ಹಾಡುವ ರೋಲ್ಫ್‌ಗೆ ಎಪ್ಪತ್ತೊಂದು. ಇದೇ ಕೊನೆಯದು ಎಂದು ಅವನೇ ಹೇಳಿಬಿಟ್ಟಿದ್ದ. ಅಂದಮೇಲೆ ನನಗೂ ಇದೇ ಕೊನೆಯದು. ಬ್ಯಾಂಡಿನವರು ಈಗ ಒಂಬತ್ತಕ್ಕೆಲ್ಲ ಮಲಗುವವರಾದ್ದರಿಂದ ಶೋ ಭಾನುವಾರ ಮಧ್ಯಾಹ್ನಕ್ಕಿತ್ತು. ನಾನು ಹೋಗುವಷ್ಟರಲ್ಲಿ, ಬ್ಯಾಂಡಿನ ಧ್ವನಿ ನೋಡಿಕೊಳ್ಳುವ ಎಮೆಟ್ ನಮ್ಮ ಕೋಲುಗಳಿಗೆ ಜಾಗ ಹಂಚುತ್ತಿದ್ದ. ಧ್ವನಿ ಚೆನ್ನಾಗಿ ಸಿಗುವುದು ನಟ್ಟನಡುವೆ.

"ಲೊರೇನ್, ನೀನು ಎಡಗಡೆ ಹೋಗಮ್ಮ, ಆ ಕಂಬದ ಹತ್ರ."

"ಮಧ್ಯದಲ್ಲಿ ಯಾರು?"

"ಗಾರ್ಡಿ. ಇನ್ಯಾರು?"

"ಇನ್ಯಾರು ಅಂತೆ! ಅವನೇನು ನಿನ್ನ ಅಳಿಯನಾ?"

"ಬೆಳಗ್ಗೆ ಎಂಟಕ್ಕೇ ಬಂದು ಬಾಗಿಲಲ್ಲಿ ನಿಂತಿದ್ದ ಮಾರಾಯ್ತಿ. ನೀನೆಲ್ಲಿದ್ದೆ?"

ನಾನು ಚರ್ಚಿನಲ್ಲಿದ್ದೆ. ದೇವರ ಹತ್ತಿರ ಆ ಮಧ್ಯದ ಜಾಗವನ್ನೇ ಬೇಡಿಕೊಳ್ಳುತ್ತಿದ್ದೆ.

ಕಂಬದ ಪಕ್ಕ ಕೋಲು ನಿಲ್ಲಿಸುತ್ತಿದ್ದಾಗ ಗಾರ್ಡಿ ಕೈಯಲ್ಲೊಂದು ಪೊಟ್ಟಣ ಹಿಡಿದುಕೊಂಡು ಬಂದ. ಕರಿದ ಚೀಸ್.

"ತಗೋ, ಬಿಸಿ ಇದೆ. ಹೊಟ್ಟೆಗೇನಾದ್ರೂ ಹಾಕ್ಕೋ."

"ನನ್ನ ಹೊಟ್ಟೆ ಆಗ್ಲೇ ಉರೀತಾ ಇದೆ, ಬಿಡು."

"ಇನ್ನೂ ಕೋಪಾನಾ? ಮೂರು ಸಲಾನೂ ನಂದೇ ಆಯ್ತು ಅಂದ್ರೆ ನಾನೇನ್ ಮಾಡ್ಲಿ ಹೇಳು. ಈ ಸಲ ನಿಂದೇ ಆಗ್ಲಿ."

ಮನಸಾರೆ ಹೇಳಿದ, ದರಿದ್ರದವನು! ಒಂದಿಷ್ಟು ಜಂಬ ಕೊಚ್ಚಿಕೊಂಡಿದ್ದರೆ ನನಗೆಷ್ಟೋ ಸಮಾಧಾನವಾಗುತ್ತಿತ್ತು. ಪೊಟ್ಟಣವನ್ನು ನನ್ನ ಚೀಲದ ಮೇಲಿಟ್ಟು ಹೋದ. ನಾನು ತಿನ್ನಲಿಲ್ಲ.

ಮೊದಲ ಏಳು ಹಾಡಿಗೆ ನಾನೂ ಇನ್ನೊಂದು ಕಂಬವಾಗಿ ನಿಂತಿದ್ದೆ. ಅದು ನನಗೆ ಅಭ್ಯಾಸ. ಈ ಊರಿನಲ್ಲಿ ನನ್ನನ್ನು 'ಶ್ ಲೊರೇನ್' ಎಂದೇ ಕರೆಯುತ್ತಾರೆ. ಒಮ್ಮೆ ರೋಲ್ಫನ ತಾಯಿ ಮಗನ ಹಾಡಿನ ನಡುವೆ ಪಕ್ಕದವರಿಗೆ ಏನೋ ಹೇಳಹೊರಟಾಗ ಅವಳನ್ನೂ ಶ್ ಎಂದು ಸುಮ್ಮನಾಗಿಸಿದ್ದೆ.

ಎಂಟನೆಯದು ನಿಧಾನದ ಹಾಡು. ತೀರಿಹೋದ ತಮ್ಮನ ನೆನಪಿಗೆ ರೋಲ್ಫ್ ಒಬ್ಬನೇ ಗಿಟಾರ್ ಹಿಡಿದು ಹಾಡುತ್ತಾನೆ. ಸಭೆಯಲ್ಲಿ ಉಸಿರಾಟವೂ ಕೇಳುತ್ತದೆ. ರೆಕಾರ್ಡು ಆರಿಸುವಾಗ ರೋಲ್ಫ್ ಮೊದಲು ಕೇಳುವುದು ಇದನ್ನೇ ಎಂದು ನಮಗೆಲ್ಲ ಗೊತ್ತು. ಆಗ ಗಾರ್ಡಿಯ ಕಡೆ ತಿರುಗಿದೆ, ತಿರುಗಬಾರದಿತ್ತು. ಸರಿಯಾಗಿ ನಟ್ಟನಡುವೆ, ಕಣ್ಣು ಮುಚ್ಚಿಕೊಂಡು, ಸಣ್ಣಗೆ ನಗುತ್ತ ನಿಂತಿದ್ದ. ನಾಲ್ಕನೆಯದೂ ತನ್ನದೇ ಎಂದು ಗೊತ್ತಿರುವವನ ಮುಖ ಅದು. ನನ್ನ ಮೈಯೆಲ್ಲ ಉರಿದುಹೋಯಿತು.

ನನ್ನ ಯಂತ್ರವನ್ನು ಅದರ ಪಾಡಿಗೆ ಬಿಟ್ಟು ನಡೆದೆ. ಇಪ್ಪತ್ತೈದು ಹೆಜ್ಜೆ, ನಡುವೆ ಜನ. ನನ್ನ ಮೈಕಿಗೆ ಕೇಳಿಸುವುದಿಲ್ಲ ಎಂದು ಲೆಕ್ಕ ಹಾಕಿಯೇ ಹೋದೆ. ಗಾರ್ಡಿಯ ಮೈಕು ನನ್ನ ತಲೆಯಿಂದ ಒಂದು ಮೊಳ ಮೇಲಿತ್ತು. ಅದರ ಕೆಳಗೆ ನಿಂತು ಹಾಡತೊಡಗಿದೆ. ನನ್ನ ಗಂಟಲು ಎಂಥದೆಂದು ನನಗೆ ಗೊತ್ತು. ಚರ್ಚಿನಲ್ಲಿ ಹಾಡುವವರ ಗುಂಪಿಗೆ ಸೇರಲು ಹೋದಾಗ ನನ್ನನ್ನು ಕೇಕ್ ಮಾರುವುದಕ್ಕೆ ಕಳಿಸಿದ್ದರು.

ಗಾರ್ಡಿ ಕಣ್ಣು ಬಿಟ್ಟ. ಅವನು ಬಾಯಿ ತೆರೆಯುವ ಹಾಗಿಲ್ಲ, ತೆರೆದರೆ ಅದೂ ರೆಕಾರ್ಡಾಗುತ್ತದೆ. ತುಟಿಯ ಮೇಲೆ ಬೆರಳಿಟ್ಟ. ನನ್ನ ತೋಳು ಹಿಡಿದೆಳೆದ. ಕೊನೆಗೆ ಕೈ ಮುಗಿದ. ನಾನು ಅವನ ಕಣ್ಣಿನಲ್ಲಿ ಕಣ್ಣಿಟ್ಟು ಹಾಡಿದೆ. ಎರಡನೆಯ ಚರಣಕ್ಕೆ ಬಂದಾಗ, ಇಷ್ಟು ವರ್ಷ ಈ ಮಾತುಗಳನ್ನು ಬಾಯಲ್ಲೇ ಇಟ್ಟುಕೊಂಡು ನುಂಗಿದ್ದೆನಲ್ಲ ಅನ್ನಿಸಿ ಅಳು ಬಂದುಬಿಟ್ಟಿತು. ಅತ್ತುಕೊಂಡೇ ಮುಗಿಸಿದೆ.

ಶೋ ಆದಮೇಲೆ ಗಾರ್ಡಿ ತಂತಿ ಸುತ್ತಿಕೊಳ್ಳುತ್ತ, "ಹುಷಾರಾಗಿ ಮನೆಗೆ ಹೋಗು, ಲೊರೇನ್" ಎಂದ, ಅಷ್ಟೇ. ನಾನು ಮನೆಗೆ ಹೋಗಿ ಎಲ್ಲವನ್ನೂ ಕೇಳಿ ನೋಡಿದೆ. ನನ್ನದರಲ್ಲಿ ಒಂದು ಕಲೆಯೂ ಇರಲಿಲ್ಲ. ಮರುದಿನವೇ ಬ್ಯಾಂಡಿಗೆ ಕಳಿಸಿದೆ.

ಜೂನ್‌ನಲ್ಲಿ ಎಮೆಟ್ ಫೋನ್ ಮಾಡಿದ.

"ಲೊರೇನ್, ನಿಂದು ತೊಳೆದಿಟ್ಟ ಗಾಜಿನ ಹಾಗಿದೆ ಕಣೆ. ಒಂದು ಕೆಮ್ಮಿಲ್ಲ, ಏನಿಲ್ಲ."

"ಹಾಗಾದ್ರೆ?"

"ಗಾರ್ಡೀದು ತಗೊಂಡ್ವಿ."

ನಾನು ಕುರ್ಚಿ ಎಳೆದುಕೊಂಡು ಕೂತೆ.

"ಅವನದ್ರಲ್ಲಿ ಯಾರೋ ಹೆಂಗಸು ಹಾಡ್ತಾಳೆ. ಶ್ರುತಿಯಿಲ್ಲ, ತಾಳವಿಲ್ಲ. ಎರಡನೇ ಚರಣದಲ್ಲಿ ಅತ್ತೇಬಿಡ್ತಾಳೆ. ಅದನ್ನ ಕೇಳಿ ರೋಲ್ಫ್ ಎದ್ದು ಹೊರಗೆ ಹೋಗ್ಬಿಟ್ಟ. ಆಮೇಲೆ ಬಂದು, ಅವಳ ಹೆಸರು ಹೊದಿಕೆಯ ಮುಂದುಗಡೇನೇ ಬರ್ಬೇಕು, ಹುಡುಕಿ ಅಂದ. ಗಾರ್ಡೀನ ಕೇಳಿದ್ರೆ, ಕಣ್ಣು ಮುಚ್ಕೊಂಡಿದ್ದೆ, ನೋಡ್ಲಿಲ್ಲ ಅಂತಾನೆ. ನೀನೇನಾದ್ರೂ ನೋಡಿದ್ಯಾ?"

"ನಾನೇ, ಎಮೆಟ್. ಆ ಹೆಂಗಸು ನಾನೇ."

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿದ, ಅದು ಇನ್ನೂ ಕೆಟ್ಟದಾಗಿತ್ತು.

"ಲೊರೇನ್, ನೀನು ರೋಲ್ಫನ ಅಮ್ಮಂಗೇ ಶ್ ಅಂದವಳು. ಹೆಸರು ಬರ್ಲಿ ಅಂತ ನಿಂಗೆ ಆಸೆ ಇದೆ, ನಂಗೆ ಗೊತ್ತು. ಹಾಗಂತ ಇಷ್ಟು ಕೆಳಗಿಳೀಬೇಡಮ್ಮ. ಅವಳು ಯಾರೋ ಪಾಪ."

"ಈಗ್ಲೇ ಹಾಡಿ ತೋರಿಸ್ಲಾ?"

"ಆ ಹಾಡು ಊರಿಗೆಲ್ಲ ಬರುತ್ತೆ. ಗಾರ್ಡಿ ಬಂದು ಹೌದು ಅಂದ್ರೆ ಹಾಕ್ತೀವಿ" ಎಂದು ಫೋನ್ ಇಟ್ಟುಬಿಟ್ಟ.

ತನ್ನ ಮೇಲೆ ತಾನೇ ಹೊಟ್ಟೆಕಿಚ್ಚುಪಟ್ಟ ಹೆಂಗಸು ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು. ಅವತ್ತೆಲ್ಲ ಆ ಅಳುಬುರುಕಿಯನ್ನು ಬೈದುಕೊಂಡು ಮನೆಯೊಳಗೇ ಸುತ್ತಾಡಿದೆ. ಸಂಜೆಯ ಹೊತ್ತಿಗೆ ಗಾರ್ಡಿಗೆ ಫೋನ್ ಮಾಡಿದೆ. ಇಷ್ಟು ವರ್ಷಗಳಲ್ಲಿ ನಾನಾಗಿ ಅವನಿಗೆ ಮಾಡಿದ್ದು ಅದೇ ಮೊದಲು.

"ಎಮೆಟ್‌ಗೆ ಯಾಕೋ ಸುಳ್ಳು ಹೇಳಿದೆ?"

"ಮತ್ತೇನು ಹೇಳ್ಲಿ? ಲೊರೇನ್ ಬೇಕಂತ್ಲೇ ಬಂದು ಕೆಡಿಸಿದ್ಲು ಅಂತ್ಲಾ? ಇನ್ಮೇಲೆ ಬೇರೆ ಯಾವ ಬ್ಯಾಂಡಿನ ಶೋನಲ್ಲೂ ನಿನ್ನ ಯಾರೂ ಪಕ್ಕದಲ್ಲಿ ನಿಲ್ಲಿಸ್ಕೊಳಲ್ಲ."

"ನಿಲ್ಲಿಸ್ಕೊಳ್ದಿದ್ರೆ ಬೇಡ. ಅದು ನಾನೇ ಅಂತ ಹೇಳು."



"ಹೇಳ್ತೀನಿ. ಆದ್ರೆ ಎಮೆಟ್ ಕೇಳೋದು ಒಂದೇ, ಯಾವತ್ತೂ ಬಾಯಿ ಬಿಡದವಳು ಅವತ್ತು ಯಾಕೆ ಹಾಡಿದ್ಲು ಅಂತ. ತನ್ನ ಹಾಡಿಗೆ ಕರಗಿಹೋಗಿ ಹಾಡಿದ್ಲು ಅಂತ ರೋಲ್ಫ್ ಅಂದ್ಕೊಂಡಿದಾನೆ. ಹೌದು, ಹಾಗೇನೇ ಅಂದ್ಬಿಡ್ಲಾ?"

ಹೂಂ ಎಂದಿದ್ದರೆ ಸಾಕಿತ್ತು. ಗಾರ್ಡಿ ಖಂಡಿತ ಹೇಳುತ್ತಿದ್ದ, ನಗುನಗುತ್ತಲೇ ಹೇಳುತ್ತಿದ್ದ. ನನ್ನ ಹೆಸರು ಹೊದಿಕೆಯ ಮುಂದೆ ಬರುತ್ತಿತ್ತು, ಅವನದು ಹಿಂದೆ. ಆದರೆ ಅದನ್ನು ನೋಡಿದಾಗಲೆಲ್ಲ ಗಾರ್ಡಿ ದೊಡ್ಡ ಮನಸ್ಸು ಮಾಡಿ ಕೊಡಿಸಿದ್ದು ಇದು ಎಂದು ನನಗೆ ನೆನಪಾಗುತ್ತಿತ್ತು. ಒಳ್ಳೆಯವನೆಂಬ ಹೆಸರೂ ಅವನಿಗೇ ಯಾಕೆ ಹೋಗಬೇಕು?

"ಬೇಡ" ಎಂದೆ. "ಗಾರ್ಡಿ ಮೇಲಿನ ಹೊಟ್ಟೆಕಿಚ್ಚಿಗೆ ಹಾಡಿದ್ಲು ಅಂತ ಹೇಳು. ರೋಲ್ಫ್‌ಗೂ ಹಾಗೇ ಹೇಳು. ಆಮೇಲೆ ಹೆಸರು ಹಾಕ್ತಾರಾ ಇಲ್ವಾ, ಕೇಳ್ಕೊಂಡು ಬಾ."