ಡೆಕ್ಕಿನ ಮೇಲೆ ಮಾವನ ಬರಿಗಾಲು

ಮಾವ ಕಣ್ಣನ್ನು ಅಷ್ಟಾಗಿ ನಂಬುವವರಲ್ಲ. ನಲವತ್ತು ವರ್ಷ ದೋಣಿ ರಿಪೇರಿ ಮಾಡಿದ ಮನುಷ್ಯ. ಯಾವ ಕೆಲಸವನ್ನೂ ಅಂಗಾಲಿನಿಂದ ಒಮ್ಮೆ ಸವರದೆ ಒಪ್ಪಿದವರಲ್ಲ. ಹಾಗಾಗಿ ಕಣ್ಣಿನ ಪೊರೆ ತೆಗೆದ ಡಾಕ್ಟರು ಒಂದು ವಾರ ಧೂಳಿಗೆ ಹೋಗಬೇಡಿ ಎಂದಾಗ, ಆಪರೇಷನ್ ಕಣ್ಣಿಗೆ ತಾನೇ, ಕಾಲಿಗೇಕೆ ಶಿಕ್ಷೆ ಎಂದು ವಾದಿಸಿ ನೋಡಿದ್ದರು.

ಆ ವಾರವೇ ಮನೆಯ ಸ್ವಂತ ಫೈಬರ್ ದೋಣಿಯ ಡೆಕ್ಕಿನ ಮೇಲೆ ಕ್ರೇನಿನ ಕೊಕ್ಕೆ ಬಿದ್ದು ತಟ್ಟೆಯಷ್ಟಗಲ ಒಡೆಯಿತು.

ಸೊಸೆ ಮಾವನ ರಿಪೇರಿ ಶೆಡ್ಡಿಗೆ ಸೇರಿ ಐದು ವರ್ಷವಾಗಿತ್ತು. ಐದು ವರ್ಷವೂ ಅವಳ ಪಾಲಿಗೆ ಬಂದದ್ದು ದೋಣಿಯ ಹೊಟ್ಟೆ: ಅಂಗಾತ ಮಲಗಿ ಪಾಚಿ ಕೆರೆಯುವುದು, ಬಣ್ಣ ಬಳಿಯುವುದು. ಡೆಕ್ಕು ಮಾವನದು. ಗಂಡ ಎಂಜಿನ್ನಿನೊಳಗೆ ತಲೆ ಹಾಕಿದರೆ ಹೊರಲೋಕಕ್ಕೆ ಸಿಗುವವನಲ್ಲ, ಆದ್ದರಿಂದ ಶಿಫಾರಸಿಗೂ ಗತಿಯಿರಲಿಲ್ಲ. ಈ ಡೆಕ್ಕು ನಾನು ಸರಿಮಾಡಲೇ ಎಂದು ಈಗ ಅವಳೇ ಹೋಗಿ ಕೇಳಿದಳು.

“ತೂತು ಮುಚ್ಚೋದು ಯಾರು ಬೇಕಾದ್ರೂ ಮಾಡ್ತಾರಮ್ಮಾ,” ಎಂದರು ಮಾವ. “ಕಾಲು ಜಾರದ ಹಾಗೆ ಡೆಕ್ ತುಂಬ ಸಣ್ಣ ಗುಬುಟುಗಳ ಸಾಲಿದೆಯಲ್ಲ, ಅದನ್ನ ತೇಪೆ ಮೇಲೆ ಹೇಗೆ ಎಬ್ಬಿಸ್ತೀಯ?”

“ಚೆನ್ನಾಗಿರೋ ಜಾಗದಿಂದ ಸಿಲಿಕೋನ್ ಅಚ್ಚು ತೆಗೆದು ಒತ್ತುತ್ತೀನಿ ಮಾವ.”

“ಕೇಕ್ ಮಾಡೋ ಸಾಮಾನಲ್ವೇನಮ್ಮಾ ಅದು?”

“ಕೇಕೂ ಮಾಡ್ತಾರೆ.”

ಮಾವ ಗಲ್ಲ ಕೆರೆದುಕೊಂಡರು. “ಸರಿ. ಎಲ್ಲಿ ಒಡೆದಿದೆ ಅಂತ ಮಾತ್ರ ನನಗೆ ಹೇಳ್ಬೇಡ. ಶನಿವಾರ ಕಣ್ಣಿಗೆ ಬಟ್ಟೆ ಕಟ್ಕೊಂಡು ಬರಿಗಾಲಲ್ಲಿ ನಡೀತೀನಿ. ತೇಪೆ ಕಾಲಿಗೆ ಸಿಕ್ತೋ, ನೀನು ಮತ್ತೆ ದೋಣಿ ಕೆಳಗೆ. ಸಿಗಲಿಲ್ವೋ, ಇನ್ಮೇಲೆ ಡೆಕ್ ಕೆಲಸವೆಲ್ಲ ನಿಂದೇ.”

ಸೊಸೆ ಹಿಂಬದಿಯ ಪೆಟ್ಟಿಗೆ ಸರಿಸಿ, ಅದರಡಿಯಲ್ಲಿ ಹೊಚ್ಚಹೊಸದಾಗಿಯೇ ಉಳಿದಿದ್ದ ಡೆಕ್ಕಿಗೆ ಮೇಣ ಹಚ್ಚಿ, ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ ಸಿಲಿಕೋನ್ ಹುಯ್ದಳು. ಮರುದಿನ ಸುಲಿದರೆ ಒಂದು ಗುಬುಟೂ ತಪ್ಪಿರಲಿಲ್ಲ. ಹಲಗೆಯೊಂದಕ್ಕೆ ಬಣ್ಣದ ರಾಳ ಬಳಿದು, ಅಚ್ಚು ಒತ್ತಿ, ಗಟ್ಟಿಯಾದ ಮೇಲೆ ಕಾಲಿಟ್ಟು ನೋಡಿದಳು. ಅರದ ಮೇಲೆ ನಿಂತಂತಾಯಿತು. ಒಡೆದದ್ದು ಚುಕ್ಕಾಣಿಯ ಬಲಕ್ಕೆ, ಮಾವ ಇಪ್ಪತ್ತು ವರ್ಷ ನಿಂತು ಸವೆಸಿದ ಜಾಗದಲ್ಲಿ. ಅದರ ನಡುವೆ ಈ ಹೊಸ ಹಲ್ಲು. ಮಾವನ ಕಾಲಿರಲಿ, ಮಾವನ ಬೂಟಿಗೂ ಗೊತ್ತಾಗುತ್ತಿತ್ತು.

ಅವತ್ತು ಅವಳು ಬರಿಗಾಲಲ್ಲಿ ಡೆಕ್ಕಿನ ಮೇಲೆ ಸುತ್ತಿದ್ದೇ ಸುತ್ತಿದ್ದು. ಅಷ್ಟೇ ಸವೆದ ಜಾಗ ಇನ್ನೊಂದೇ ಇತ್ತು: ಚುಕ್ಕಾಣಿಯ ಎಡಕ್ಕೆ, ಅತ್ತೆ ನಿಂತು ಮಾವನಿಗೆ ದಾರಿ ಹೇಳುವ ಜಾಗ. ಅತ್ತೆ ಹೇಳಿದ ದಾರಿಯನ್ನು ಮಾವ ಹಿಡಿದದ್ದು ಅಪರೂಪ. ಡೆಕ್ಕು ಸವೆದದ್ದಂತೂ ನಿಜ. ಎರಡನೆಯ ಅಚ್ಚನ್ನು ಅಲ್ಲಿಂದ ತೆಗೆದಳು. ಒಡೆದ ಜಾಗ ತುಂಬಿ, ರಾಳ ಬಳಿದು, ಅಚ್ಚನ್ನು ಸಾಲಿಗೆ ಸಾಲು ಕೂಡಿಸಿ ಒತ್ತಿ, ಮೇಲೆ ತೂಕವಿಟ್ಟು, ಶುಕ್ರವಾರ ಸುಲಿದಳು.

ಶನಿವಾರ ಅತ್ತೆ ಮಾವನ ಕಣ್ಣಿಗೆ ಹಗುರಾಗಿ ಬಟ್ಟೆ ಕಟ್ಟಿ, ಎರಡು ಸುತ್ತು ತಿರುಗಿಸಿ ಬಿಟ್ಟರು. “ಇಣುಕಿದ್ರೆ ನನಗೆ ಗೊತ್ತಾಗತ್ತೆ ರೀ.”

“ನಲವತ್ತು ವರ್ಷದಿಂದ ಇಣುಕಿಲ್ಲ, ಈಗ್ಯಾಕೆ ಇಣುಕ್ಲಿ?”

ಮಾವ ಕೊಕ್ಕರೆಯಂತೆ ಒಂದೊಂದೇ ಹೆಜ್ಜೆ ಊರಿ ನಡೆದರು. ಚುಕ್ಕಾಣಿಯ ಬಲಕ್ಕೆ ಬಂದಾಗ ಹಿಮ್ಮಡಿ ತೇಪೆಯ ಮೇಲೇ ಕೂತಿತು. ಮಾವ ಬೆರಳು ಆಡಿಸಿದರು, ಮುಂದೆ ಹೋದರು. ತಿರುಗಿ ಬಂದು ಇನ್ನೊಮ್ಮೆ ಅದನ್ನೇ ತುಳಿದರು, ಮತ್ತೆ ಮುಂದೆ ಹೋದರು. ದೋಣಿಯ ಮೂತಿಯ ಹತ್ತಿರ ಗಕ್ಕನೆ ನಿಂತರು. ಅಂಗಾಲನ್ನು ಎರಡು ಸಲ ಉಜ್ಜಿದರು. ಮುಖದಲ್ಲಿ ಗೆದ್ದ ಕಳೆ.

“ಇಲ್ಲೇ. ಏನಮ್ಮಾ ಇದು, ಗುಬುಟೂ ಇಲ್ಲ, ಸಾಲೂ ಇಲ್ಲ. ಬರೀ ಮರಳು.”

ಸೊಸೆ ಬಗ್ಗಿ ನೋಡಿದಳು. ಅಲ್ಲಿ ತೇಪೆಯಿದ್ದದ್ದು ನಿಜ. ಅವಳದಲ್ಲ.

“ಅದು ನಿಮ್ಮದು,” ಎಂದರು ಅತ್ತೆ. “ಈ ದೋಣಿ ತಂದ ವರ್ಷವೇ ಲಂಗರು ಕೈಜಾರಿ ಬಿಟ್ರಲ್ಲ. ಬಣ್ಣಕ್ಕೆ ಮರಳು ಕಲಸಿ ಬಳಿದು, ಯಾರಿಗೂ ಗೊತ್ತಾಗಲ್ಲ ಬಿಡು ಅಂದ್ರಿ.”

ಮಾವ ಬಟ್ಟೆ ಬಿಚ್ಚಿದರು. “ಇದರ ಮೇಲೆ ನೀರಿನ ಡ್ರಮ್ ಇರ್ತಿತ್ತಲ್ಲ?”

“ಇರ್ತಿತ್ತು. ಬೆಳಿಗ್ಗೆ ನಾನೇ ಸರಿಸಿದೆ. ಕಣ್ಣು ಕಟ್ಕೊಂಡು ಎಡವಿ ಬಿದ್ರೆ ಏನು ಗತಿ?”

ಅತ್ತೆಯ ಮುಖದಲ್ಲಿ ಕಾಳಜಿಯ ಹೊರತು ಬೇರೇನೂ ಇರಲಿಲ್ಲ. ಮಾವ ಬೇರೇನಾದರೂ ಇದೆಯೇ ಎಂದು ಒಂದೆರಡು ಕ್ಷಣ ಹುಡುಕಿ ನೋಡಿ ಕೈಬಿಟ್ಟರು.

“ನಿಂದೆಲ್ಲಮ್ಮಾ?”

ಸೊಸೆ ತೋರಿಸಿದಳು. ಮಾವ ಮಂಡಿಯೂರಿ ಮೊದಲು ಅಂಗೈಯಿಂದ, ಆಮೇಲೆ ಉಗುರಿನಿಂದ ಅಂಚು ಹುಡುಕಿದರು. ಬಹಳ ಹೊತ್ತು ಹುಡುಕಿದರು.

“ಸಾಲು ತಪ್ಪಿಲ್ಲ,” ಎಂದರು ಕೊನೆಗೆ. ಆ ಬಾಯಿಂದ ಇಷ್ಟು ಹೊಗಳಿಕೆ ಮಗನಿಗೂ ಸಿಕ್ಕಿದ್ದಿಲ್ಲ. “ಸಿಲಿಕೋನ್ ಮಿಕ್ಕಿದೆಯಾ?”

“ಅರ್ಧ ಡಬ್ಬಿ ಇದೆ ಮಾವ.”

“ಹಾಗಾದ್ರೆ ನನ್ನ ಆ ಮರಳನ್ನೂ ಕಿತ್ತು ಹಾಕು. ಅದಕ್ಕೆ ಅಚ್ಚು ಎಲ್ಲಿಂದ ತೆಗೀಬೇಕು?”

ಅವರು ಕೆಲಸದಲ್ಲಿ ಸೊಸೆಯ ಸಲಹೆ ಕೇಳಿದ್ದು ಅದೇ ಮೊದಲು. ಅವಳು ಚಪ್ಪಲಿ ಕಳಚಿ, ಅಂಗಾಲಿನಲ್ಲಿ ತಡವುತ್ತ ಮುಂದೆ ಹೊರಟಳು. ಮಾವ ಅವಳ ಹಿಂದೆ ಹೆಜ್ಜೆ ಹಾಕಿದರು.