ಎಡಗಡೆಯ ಹೊಲಿಗೆ

ದರ್ಜಿ ಅಕ್ಕನ ಎಡ ಎದೆಯಲ್ಲಿ ಗಂಟು ಕಾಣಿಸಿಕೊಂಡು ಐದು ತಿಂಗಳಾಗಿತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಗಂಟು ದಪ್ಪಗಾದಂತೆಲ್ಲ ಅವಳು ತನ್ನ ರವಿಕೆಗಳ ಎಡಗಡೆಯ ಹೊಲಿಗೆ ಬಿಚ್ಚಿ, ಕಾಲು ಇಂಚು ಸಡಿಲಿಸಿ ಮತ್ತೆ ಹೊಲಿದುಕೊಳ್ಳುತ್ತಿದ್ದಳು.

ಅದೇ ಮನೆಯಲ್ಲಿ ಒಬ್ಬಳು ನರ್ಸ್ ಇದ್ದಳು. ಕಷ್ಟ ಇದ್ದದ್ದೇ ಅಲ್ಲಿ. ಅವಳು ಮೈದುನನ ಹೆಂಡತಿ. ಬಂದು ಮೂರು ವರ್ಷ, ಅತ್ತೆಯ ಬಾಯಲ್ಲಿ ಅವಳದೇ ಜಪ. ಕೆಮ್ಮು ಬಂದರೆ ನರ್ಸಮ್ಮ, ಪಕ್ಕದ ಮನೆಯವರ ಕಾಲು ಉಳುಕಿದರೆ ನರ್ಸಮ್ಮ. ಹನ್ನೆರಡು ವರ್ಷ ಮನೆಮಂದಿಗೆಲ್ಲ ಬಟ್ಟೆ ಹೊಲಿದವಳನ್ನು ಕೇಳುವವರಿಲ್ಲ. ದರ್ಜಿ ಅಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು. ಆ ನರ್ಸಮ್ಮನ ಮುಂದೆ ರವಿಕೆ ಬಿಚ್ಚಿ ನಿಲ್ಲುವುದೇ? ಸತ್ತರೂ ಇಲ್ಲ! ಔಷಧಿ ಅಂಗಡಿಯಿಂದ ತಾನೇ ಮೂರು ಸಲ ಮಾತ್ರೆ ತಂದು ನುಂಗಿದಳು.

ಒಂದು ಬೆಳಿಗ್ಗೆ ಮೆಷಿನ್ ತುಳಿಯುತ್ತಿದ್ದಾಗ ಗಂಟು ಒಡೆದು ರವಿಕೆಯ ಮೇಲೆ ಕೀವು ಕಂಡಿತು. ಗುಂಡಿ ಹಾಕಿಸಲು ಬಂದ ನರ್ಸಮ್ಮ ನೋಡಿಬಿಟ್ಟಳು.

"ಏನಕ್ಕ ಇದು?"

"ಏನಿಲ್ಲ ಹೋಗು. ಹಾಲು ಕಟ್ಟಿರಬೇಕು."

"ನಿನ್ನ ಮಗು ಹಾಲು ಬಿಟ್ಟು ಎರಡು ವರ್ಷ ಆಯ್ತಲ್ಲ! ನಡಿ, ಆಸ್ಪತ್ರೆಗೆ ಹೋಗೋಣ."

"ನಿನಗೇನಮ್ಮ, ಡಂಗುರ ಹೊಡೆಯೋಕೆ ಒಂದು ಸುದ್ದಿ ಸಿಕ್ತು."

"ಬೈಕೊಂಡೇ ಬಾ. ಆದರೆ ಬಾ."

ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. "ಇದು ಸೋಂಕೋ, ಕ್ಷಯವೋ, ಕ್ಯಾನ್ಸರೋ, ಬರೀ ನೋಡಿ ಹೇಳೋಕಾಗಲ್ಲ. ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಬೇಕು," ಎಂದರು ಡಾಕ್ಟರಮ್ಮ. ಶುರುವಾಗಿ ಐದು ತಿಂಗಳಾಯಿತೆಂದು ದರ್ಜಿ ಅಕ್ಕ ಹೇಳಿದಳು.

"ಐದು ತಿಂಗಳು ಯಾಕೆ ಸುಮ್ಮನಿದ್ರಿ? ಮನೇಲಿ ತಿಳಿದವರು ಯಾರೂ ಇಲ್ವಾ?"

"ನಾನೇ ಇದ್ದೀನಿ ಡಾಕ್ಟ್ರೇ," ಎಂದು ನರ್ಸಮ್ಮ ತಲೆ ತಗ್ಗಿಸಿದಳು.

ಆ ತಲೆ ಒಮ್ಮೆ ತಗ್ಗುವುದನ್ನು ನೋಡಬೇಕೆಂದು ದರ್ಜಿ ಅಕ್ಕ ಮೂರು ವರ್ಷದಿಂದ ಕಾದಿದ್ದಳು. ಈಗ ನೋಡಿದರೆ ಒಂದಿಷ್ಟೂ ಖುಷಿಯಾಗಲಿಲ್ಲ.

"ಅವಳ ತಪ್ಪಲ್ಲ, ನಾನೇ ಮುಚ್ಚಿಟ್ಟೆ. ಅವಳನ್ನ ಕಂಡರೆ ನನಗೆ ಹೊಟ್ಟೆಕಿಚ್ಚು," ಎಂದುಬಿಟ್ಟಳು.

ಚೂರು ತೆಗೆದ ಹತ್ತು ದಿನಕ್ಕೆ ವರದಿ ಬಂತು. ಕ್ಯಾನ್ಸರ್ ಅಲ್ಲ, ಕ್ಷಯವೂ ಅಲ್ಲ. ಗ್ರ್ಯಾನ್ಯುಲೊಮ್ಯಾಟಸ್ ಮ್ಯಾಸ್ಟೈಟಿಸ್ ಎಂಬ ಅಪರೂಪದ ಉರಿಯೂತ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ವಾಸಿಯಾಗಲು ತಿಂಗಳುಗಳೇ ಬೇಕು, ಮತ್ತೆ ಬರಲೂಬಹುದು, ಆದರೆ ಚಿಕಿತ್ಸೆ ಇದೆ. "ನಮ್ಮ ನರ್ಸಮ್ಮ ಇಲ್ಲದಿದ್ರೆ..." ಎಂದು ಅತ್ತೆ ಶುರುಮಾಡಿದಾಗ ದರ್ಜಿ ಅಕ್ಕನಿಗೆ ಮತ್ತೆ ಹೊಟ್ಟೆ ಉರಿಯಿತು. ಆದರೂ ಮರುಪರೀಕ್ಷೆಯ ದಿನ "ಏಳೇ, ಹೊತ್ತಾಯ್ತು," ಎಂದು ನರ್ಸಮ್ಮನನ್ನು ಎಬ್ಬಿಸಿದವಳು ಅವಳೇ. ಅತ್ತೆಯೂ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಅಕ್ಕತಂಗಿಯರೇ, ಎದೆಯಲ್ಲಿ ಗಂಟು, ಕೆಂಪು, ಊತ, ಕೀವು ಕಂಡರೆ, ನೋವಿರಲಿ ಬಿಡಲಿ, ಬೇಗ ಡಾಕ್ಟರಿಗೆ ತೋರಿಸಿ. ನಿಮ್ಮಷ್ಟಕ್ಕೆ ಮಾತ್ರೆ ನುಂಗುತ್ತಾ ದಿನ ದೂಡಬೇಡಿ. ಚೂರು ತೆಗೆದು ಪರೀಕ್ಷೆ ಮಾಡಬೇಕೆಂದರೆ ಹೆದರಬೇಡಿ, ರೋಗ ಯಾವುದೆಂದು ತಿಳಿಯುವುದು ಅದರಿಂದಲೇ. ಮನೆಯಲ್ಲಿ ಯಾರ ಮೇಲೆ ಎಷ್ಟೇ ಹೊಟ್ಟೆಕಿಚ್ಚಿರಲಿ, ಗಂಟು ಕಂಡಿದೆ ಎಂಬ ಇದೊಂದು ಮಾತನ್ನು ಇವತ್ತೇ ಅವರಿಗೆ ಹೇಳಿ.